ಆ ಫೋಟೋ ಯಾರದ್ದು?

ಗುಬ್ಬಿ ವೀರಣ್ಣನವರ ಕಪ್ಪು-ಬಿಳುಪು ಫೋಟೋ ನೀವೆಲ್ಲ ನೋಡಿರ್ತೀರಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಫೋಟೋ ಅಂತೂ ತುಮಕೂರಿನಲ್ಲಿ ಅಂಗಡಿ, ಆಟೋ, ದೇವರಮನೆ ಎಲ್ಲ ಕಡೆ ಇದೆ. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ನಮ್ಮ ಮನೆಯವರ ಫೋನ್ ತುಂಬಾ ಅವೇ ಚಿತ್ರಗಳು. ಇವನ್ನೆಲ್ಲ ತೆಗೆದವರು ಯಾರು? ನಾನಂತೂ ಯಾವತ್ತೂ ಕೇಳಿರಲಿಲ್ಲ, ನನ್ನದೇ ಒಂದು ಫೋಟೋ ಕಳುವಾಗೋವರೆಗೆ.

ಕಳೆದ ವರ್ಷ ಒಂದು ದಿನ ಬೆಳಿಗ್ಗೆ ಐದೂವರೆಗೆ ಎದ್ದು ಹೋಗಿ, ಕುಣಿಗಲ್ ದೊಡ್ಡಕೆರೆ ಏರಿ ಮೇಲೆ ನಿಂತು ಒಂದು ಫೋಟೋ ತೆಗೆದೆ. ಮಂಜು, ನೀರು, ಬಲೆ ಬೀಸ್ತಿದ್ದ ಒಬ್ಬರು. ಮೂಲೆಯಲ್ಲಿ ಸಣ್ಣದಾಗಿ ನನ್ನ ಹೆಸರು ಹಾಕಿ ಇನ್‌ಸ್ಟಾಗ್ರಾಮ್‌ಗೆ ಬಿಟ್ಟೆ. ವಾರದೊಳಗೆ ಅದೇ ಫೋಟೋ ‘ಶುಭೋದಯ’ ಅಂತ ನಮ್ಮ ಫ್ಯಾಮಿಲಿ ಗ್ರೂಪಿಗೇ ವಾಪಸ್ ಬಂತು! ನನ್ನ ಹೆಸರಿದ್ದ ಮೂಲೆ ಕ್ರಾಪ್ ಆಗಿತ್ತು. ನಡುವೆ ಯಾವುದೋ ಪೇಜಿನ ಲೋಗೋ.

ಸಿಟ್ಟಲ್ಲಿ ಗುಬ್ಬಿಗೆ ಹೋಗಿ ಸೋದರಮಾವನಿಗೆ ತೋರಿಸಿದೆ. ಮಾವ ರೀಲ್ ಕ್ಯಾಮೆರಾ ಕಾಲದಿಂದ ಸ್ಟುಡಿಯೋ ಇಟ್ಟವರು. ಅವರು ನಕ್ಕರು. “ಆಗ ನೆಗೆಟಿವ್ ಯಾರ ಹತ್ರ ಇದೆಯೋ ಅವನೇ ಒಡೆಯ ಕಣೋ. ಇನ್ನೊಂದು ಕಾಪಿ ಬೇಕಂದ್ರೆ ನನ್ನ ಅಂಗಡಿಗೇ ಬರಬೇಕಿತ್ತು. ಈಗ ಕೊಟ್ಟ ಮೇಲೆ ಮುಗೀತು.”

ಪೂರ್ತಿ ಮುಗಿದಿಲ್ಲ ಅಂತ ಆಮೇಲೆ ಓದಿದಾಗ ಗೊತ್ತಾಯ್ತು. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಹಕ್ಕು ತಾನಾಗೇ ಬರುತ್ತೆ, ಎಲ್ಲೂ ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ಈಗ ನೆಗೆಟಿವ್ ಜಾಗದಲ್ಲಿರೋದು ಒರಿಜಿನಲ್ ಫೈಲ್. ಹಾಗಾಗಿ ಅದನ್ನ ಡಿಲೀಟ್ ಮಾಡಬೇಡಿ, ನೆಟ್‌ಗೆ ಚಿಕ್ಕ ಸೈಜಿನದ್ದನ್ನ ಮಾತ್ರ ಹಾಕಿ. ಎಷ್ಟೋ ಕ್ಯಾಮೆರಾಗಳ ಮೆನುವಿನಲ್ಲಿ ನಿಮ್ಮ ಹೆಸರು ಬರೆದಿಡೋ ಜಾಗ ಇರುತ್ತೆ. ಬರೆದಿಟ್ಟರೆ ಪ್ರತಿ ಫೈಲಿನೊಳಗೂ ಆ ಹೆಸರು ಕೂತಿರುತ್ತೆ. ಆದರೆ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತೆ. ಒಂದು ಎಚ್ಚರಿಕೆ: ಫೋನಲ್ಲಿ ಲೊಕೇಶನ್ ಆನ್ ಇದ್ದರೆ, ಫೋಟೋ ತೆಗೆದ ಜಾಗವೂ ಅದರ ಜೊತೆ ಹೋಗುತ್ತೆ!

ಇಷ್ಟೆಲ್ಲ ಓದಿ ನನ್ನ ಹಕ್ಕಿನ ಬಗ್ಗೆ ಭಾಷಣ ಮಾಡ್ತಾ ಇದ್ದಾಗ ಚಿಕ್ಕಮ್ಮನ ಮಗಳು ಒಂದು ಮಾತು ಕೇಳಿದಳು: “ಹಾಗಾದ್ರೆ ನನ್ನ ಫೋಟೋ ಯಾರದ್ದೋ?”

ಅವಳ ಮದುವೆಯಲ್ಲಿ ಹೆಣ್ಣು ಒಪ್ಪಿಸೋ ಶಾಸ್ತ್ರದ ಹೊತ್ತಲ್ಲಿ ಅವಳು ಅತ್ತಿದ್ದನ್ನ ಫೋಟೋ ತೆಗೆಯೋಕೆ ಬಂದವರು ರೀಲ್ಸ್ ಮಾಡಿ ಹಾಕಿದ್ದರು. ಪ್ರಚಾರಕ್ಕೆ. ಯಾರನ್ನೂ ಕೇಳಲಿಲ್ಲ. ಗೊತ್ತಿಲ್ಲದವರೆಲ್ಲ ಕೆಳಗೆ ನಗೋ ಇಮೋಜಿ ಹಾಕಿದರು. ಆಫೀಸಲ್ಲಿ ಯಾರೋ ಅದನ್ನ ಸ್ಟಿಕ್ಕರ್ ಮಾಡಿ ಅವಳಿಗೇ ಕಳಿಸಿದರು. ತೆಗೆಸಿಹಾಕಿದ ಮೇಲೂ ಸ್ಟಿಕ್ಕರ್ ಉಳೀತು.

ಅದೇ ಕಾಯ್ದೆಯ 17ನೇ ಸೆಕ್ಷನ್ ಇಲ್ಲಿ ಬೇರೆ ಮಾತು ಹೇಳುತ್ತೆ. ದುಡ್ಡು ಕೊಟ್ಟು ಯಾರಾದರೂ ಫೋಟೋ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಕಾಪಿರೈಟಿನ ಮೊದಲ ಒಡೆಯರು ತೆಗೆಸಿಕೊಂಡವರು. ತೆಗೆದವರಿಗೆ ಕರ್ತೃ ಅನ್ನೋ ಹೆಸರು ಇದ್ದೇ ಇರುತ್ತೆ. ಆದರೆ ಆ ಫೋಟೋ ಎಲ್ಲಿ ಹೋಗಬೇಕು ಅಂತ ಅವರೊಬ್ಬರೇ ತೀರ್ಮಾನ ಮಾಡೋ ಹಾಗಿಲ್ಲ.

ಮಾವನಿಗೆ ಸೆಕ್ಷನ್ ಗೊತ್ತಿರಲಿಲ್ಲ. ಆದರೆ ಪದ್ಧತಿ ಗೊತ್ತಿತ್ತು. “ಅಂಗಡಿ ಗ್ಲಾಸಿನ ಹಿಂದೆ ಯಾರದಾದರೂ ಫೋಟೋ ಇಡೋ ಮುಂಚೆ ಮನೆಯವರನ್ನ ಕೇಳ್ತಿದ್ದೆ. ಬೇಡ ಅಂದ್ರೆ ಇಡ್ತಿರಲಿಲ್ಲ. ಅದನ್ನ ನೋಡ್ತಿದ್ದೋರು ಗುಬ್ಬಿ ಜನ ಮಾತ್ರ, ಆದ್ರೂ ಕೇಳ್ತಿದ್ದೆ” ಅಂದರು. ಇವತ್ತು ನಮ್ಮ ಗ್ಲಾಸು ಇಡೀ ಪ್ರಪಂಚಕ್ಕೆ ಕಾಣುತ್ತೆ, ಆದರೆ ನಾವು ಕೇಳೋದು ಬಿಟ್ಟಿದ್ದೀವಿ.

ಆಗ ನನಗೆ ಕೆರೆಯಲ್ಲಿ ಬಲೆ ಬೀಸ್ತಿದ್ದ ಆ ಅಣ್ಣ ನೆನಪಾದರು. ನನ್ನ ಹೆಸರು ಹೋಯ್ತು ಅಂತ ನಾನು ಊರೆಲ್ಲ ಕೂಗಾಡಿದೆ. ಅವರ ಮುಖ ಅಷ್ಟು ಸ್ಪಷ್ಟವಾಗಿ ಕಾಣ್ತಿತ್ತು, ಅವರ ಹೆಸರನ್ನ ನಾನು ಕೇಳಲೇ ಇಲ್ಲ. ಹಾಕಲಾ ಅಂತಲೂ ಕೇಳಲಿಲ್ಲ.

ವಾಟರ್‌ಮಾರ್ಕ್ ಅಳಿಸೋ ಆ್ಯಪ್‌ಗಳು ಬಂದಾಗಿದೆ. ನಾಳೆ ಇನ್ನೊಂದು ಬರುತ್ತೆ. ನಾವು ಇಂಜಿನಿಯರಿಂಗ್ ಓದೋರು, ಎಲ್ಲದಕ್ಕೂ ಒಂದು ಸಾಫ್ಟ್‌ವೇರ್ ಹುಡುಕ್ತೀವಿ. ಆದರೆ ಆ ‘ಶುಭೋದಯ’ವನ್ನ ಗ್ರೂಪಿಗೆ ಹಾಕಿದ್ದು ಸಾಫ್ಟ್‌ವೇರ್ ಅಲ್ಲ, ನಮ್ಮ ದೊಡ್ಡಪ್ಪ. ಅವರು ಕಳ್ಳರಲ್ಲ, ಇದು ಯಾರದ್ದು ಅಂತ ಯೋಚನೆ ಮಾಡಲಿಲ್ಲ, ಅಷ್ಟೇ. ಹೆಸರಿಲ್ಲದ ಫೋಟೋ ಮುಂದಕ್ಕೆ ತಳ್ಳೋ ಮುಂಚೆ, ಇನ್ನೊಬ್ಬರ ಮುಖ ಅಪ್ಲೋಡ್ ಮಾಡೋ ಮುಂಚೆ ಒಂದು ನಿಮಿಷ ನಿಂತರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ನಮ್ಮ ಸಂಘದಿಂದಲೇ ಶುರು ಮಾಡೋಣ ಅಂತ ನನ್ನ ಮನವಿ. ಈ ಪತ್ರಿಕೆಯಲ್ಲಿ ಬರೋ ಪ್ರತಿ ಫೋಟೋ ಕೆಳಗೆ ತೆಗೆದವರ ಹೆಸರಿರಲಿ. ಫೆಸ್ಟ್ ಫೋಟೋಗಳ ಡ್ರೈವ್ ಲಿಂಕ್ ಬಿಟ್ಟಾಗ “ನನ್ನದು ತೆಗೀರಿ” ಅಂತ ಯಾರಾದರೂ ಅಂದರೆ, “ಚೆನ್ನಾಗೇ ಬಂದಿದೆ ಬಿಡು” ಅನ್ನದೆ ತೆಗೆಯೋಣ. ನಾನು ಕುಣಿಗಲ್ ಫೋಟೋ ಸದ್ಯಕ್ಕೆ ತೆಗೆದುಹಾಕಿದ್ದೀನಿ. ಮಾವ ಅದರದ್ದೊಂದು ಪ್ರಿಂಟ್ ಹಾಕಿಕೊಟ್ಟಿದ್ದಾರೆ. ಈ ಭಾನುವಾರ ಏರಿ ಮೇಲೆ ಹೋಗಿ ಆ ಅಣ್ಣನ್ನ ಹುಡುಕಿ ಕೊಟ್ಟು, ಆಮೇಲೆ ಕೇಳ್ತೀನಿ.