ಚುಕ್ಕೆಗಳ ಲೆಕ್ಕ, ದೇಹದ ಚಿತ್ರ

ಖಡಕಿಯ ಕನ್ನಡಿಗರ ಮನೆಯಂಗಳದ ಚುಕ್ಕೆ ರಂಗೋಲಿಗೂ ಆಸ್ಪತ್ರೆಯ ಸಿ.ಟಿ. ಚಿತ್ರಕ್ಕೂ ಆಧಾರವೊಂದೇ: ಎಣಿಸಬಲ್ಲ ಬಿಂದುಗಳು. 1971ರಲ್ಲಿ ಲಂಡನ್ನಿನಲ್ಲಿ ತೆಗೆದ ಮೊದಲ ರೋಗಿಯ ಚಿತ್ರದಲ್ಲಿದ್ದವು 80×80, ಅಂದರೆ 6,400 ಚೌಕಗಳು. ಇಂದು 512×512 ಸಾಮಾನ್ಯ.

ಚೌಕಗಳು ಕಿರಿದಾದಷ್ಟೂ ಅಳತೆ ತಾನಾಗಿ ನಿಖರವಾಗುವುದೆಂಬ ನಂಬಿಕೆ ಪೂರ್ಣ ಸತ್ಯವಲ್ಲ. 10 ಸೆಂ.ಮೀ. ಬಾಹುವಿನ ಚೌಕದ ಕರ್ಣ ಸುಮಾರು 14.14 ಸೆಂ.ಮೀ. ಅದನ್ನೇ ಮೆಟ್ಟಿಲುಮೆಟ್ಟಿಲಾಗಿ ಎಣಿಸಿದರೆ 20. ಮೆಟ್ಟಿಲುಗಳನ್ನು ಎಷ್ಟೇ ಕಿರಿದಾಗಿಸಿದರೂ ಅದೇ 20! ತಿದ್ದಬೇಕಾದುದು ಎಣಿಕೆಯ ಕ್ರಮವನ್ನು. ಗಡ್ಡೆಯ ಅಂಚು ಚೌಕವೊಂದರ ನಡುವೆ ಹಾದುಹೋದಾಗಲೂ ಆ ಚೌಕ ಒಳಗಿನದೋ ಹೊರಗಿನದೋ ಎಂಬುದು ಅಳೆಯುವವರ ನಿರ್ಧಾರವೇ ಸರಿ.

ಆದುದರಿಂದ ಎರಡು ವರದಿಗಳ ನಡುವೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಕಂಡೊಡನೆ ರೋಗಿಯು ಧೃತಿಗೆಡುವುದೂ ಬೇಡ, ಉಪೇಕ್ಷಿಸುವುದೂ ಬೇಡ. ಲೆಡ್ಜರು ತಾಳೆಯಾಗದಿದ್ದಾಗ ಬ್ಯಾಂಕಿನವರು ಲೆಕ್ಕದ ಕ್ರಮವನ್ನು ಪರಿಶೀಲಿಸುವಂತೆ, ಎರಡೂ ಚಿತ್ರಗಳನ್ನು ವೈದ್ಯರ ಮುಂದಿರಿಸಿ, ಅಳೆದ ಬಗೆಯನ್ನು ವಿನಯದಿಂದ ಕೇಳುವುದೇ ವಿವೇಕ.