ನೇಪಾಳದ ದೇವರು ಯಾರ ಸೊತ್ತು?

ನೇಪಾಳಕ್ಕೆ ಹೋಗಿಬಂದ ನಮ್ಮವರ ಬಾಯಲ್ಲಿ ಒಂದು ಮಾತು ಮೇಲಿಂದಮೇಲೆ ಕೇಳಿಬರುತ್ತಿದೆ. ಕಾಠಮಾಂಡು ಕಣಿವೆಯ ಪ್ರಾಚೀನ ಶಿಲಾಮೂರ್ತಿಗಳು ಬೀದಿಯ ಬದಿಯಲ್ಲಿ ಕುಂಕುಮ ಮೆತ್ತಿಸಿಕೊಂಡು ಮಳೆಯಲ್ಲಿ ಸವೆಯುತ್ತಿವೆಯಂತೆ. ಅವುಗಳ ಒಡಹುಟ್ಟುಗಳು ಅಮೆರಿಕೆಯ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಮರೆಯಲ್ಲಿ ಸುಖವಾಗಿವೆಯಂತೆ. ಆದುದರಿಂದ ಕದ್ದವನು ಪಾಪಿಯಾದರೂ ಕೊಂಡವನು ಉಪಕಾರಿಯಂತೆ! ಅರಿಯದವರು ಹೀಗೆಂದರೆ ನಕ್ಕು ಸುಮ್ಮನಾಗಬಹುದು. ವಿದ್ಯಾವಂತರೇ ಹೀಗೆ ನುಡಿಯತೊಡಗಿರುವುದರಿಂದ ಉತ್ತರ ಹೇಳಬೇಕಾಗಿದೆ.

ಉಪಕಾರದ ಒಂದು ಕಥೆಯನ್ನು ನೋಡೋಣ. ಪಾಟಣ ಪಟ್ಟಣದ ಪಟ್ಕೋ ಕೇರಿಯಲ್ಲಿ ಲಕ್ಷ್ಮೀನಾರಾಯಣರು ಒಂದೇ ದೇಹದಲ್ಲಿ ಬೆರೆತ ಅಪೂರ್ವ ವಿಗ್ರಹವೊಂದಿದ್ದಿತು. ೧೯೮೪ರಲ್ಲಿ ಅದು ಕಳುವಾಯಿತು. ಚಿತ್ರಕಾರರೂ ಕಲೇತಿಹಾಸಜ್ಞರೂ ಆದ ಲೈನ್ ಸಿಂಗ್ ಬಾಂಗ್ದೆಲ್ ಅವರು ನೇಪಾಳದಿಂದ ಅಪಹೃತವಾದ ಮೂರ್ತಿಗಳನ್ನು ಕುರಿತ ಗ್ರಂಥವನ್ನು ೧೯೮೯ರಲ್ಲಿ ಪ್ರಕಟಿಸಿದರು. ಈ ವಿಗ್ರಹದ ಚಿತ್ರವೂ ಅದರಲ್ಲಿದ್ದಿತು. ಮರುವರ್ಷ, ೧೯೯೦ರಲ್ಲಿ, ಡಲಾಸ್ ನಗರದ ಕಲಾಸಂಗ್ರಹಾಲಯವು ಅದೇ ವಿಗ್ರಹವನ್ನು ಎರವಲು ಪಡೆದು ಪ್ರದರ್ಶನಕ್ಕಿಟ್ಟಿತು. ಕಳವಿನ ಪಟ್ಟಿ ಅಚ್ಚಾಗಿ ವರ್ಷವೊಂದು ಕಳೆದ ಮೇಲೆ! ಅದು ಹಿಂದಿರುಗಿದ್ದು ೨೦೨೧ರಲ್ಲಿ. ಅಷ್ಟರವರೆಗೆ ಪಟ್ಕೋ ಕೇರಿಯ ಜನರು ಒಂದು ಪ್ರತಿಕೃತಿಯನ್ನಿಟ್ಟು ಪೂಜೆಯನ್ನು ನಡೆಸಿಕೊಂಡೇ ಬಂದರು. ಕಾಪಾಡಿದವರು ಯಾರು, ಕಾಪಾಡಲರಿಯದವರು ಯಾರು, ವಾಚಕರೇ ನಿರ್ಣಯಿಸಲಿ.

ನೇಪಾಳವು ಹೊರಗಿನವರಿಗೆ ಬಾಗಿಲು ತೆರೆದದ್ದು ೧೯೫೧ರ ತರುವಾಯ. ಅದಕ್ಕೆ ಮುನ್ನ ಸಾವಿರಾರು ಮೂರ್ತಿಗಳು ಬೀಗವಿಲ್ಲದ ಗುಡಿಗಳಲ್ಲಿ, ನೀರಿನ ಧಾರೆಗಳ ಬಳಿಯಲ್ಲಿ, ಮನೆಯಂಗಳಗಳಲ್ಲಿ ಶತಮಾನಗಟ್ಟಲೆ ನಿಂತಿದ್ದವು. ಬಡತನ ಆಗಲೂ ಇದ್ದಿತು, ಮಳೆಯೂ ಇದ್ದಿತು. ಇಲ್ಲದಿದ್ದದ್ದು ಕೊಳ್ಳುವವನ ಹಣದ ಚೀಲ ಮಾತ್ರ. ಅದು ಬಂದ ಮೇಲೆ ಮೂರ್ತಿಗಳು ಬುಡಸಮೇತ ಕಿತ್ತುಹೋದವು. ಕೀಳಲಾಗದ ಕಡೆ ತಲೆಯನ್ನಷ್ಟೇ ಕಡಿದೊಯ್ದರು. ರೋಗವನ್ನು ತಂದವನೇ ವೈದ್ಯನೆಂಬ ಬಿರುದನ್ನು ಧರಿಸಿದರೆ ಅದನ್ನು ಒಪ್ಪಬೇಕೆ?

ಇನ್ನು ಕಾಪಾಡುವ ಬಗೆ. ಕಣಿವೆಯ ಏಳು ಸ್ಮಾರಕವಲಯಗಳು ೧೯೭೯ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ಪಟ್ಟಿ ಹುಟ್ಟುವುದಕ್ಕೆ ಬಹುಕಾಲ ಮೊದಲೇ ನೇವಾರರಲ್ಲಿ 'ಗುಠಿ' ಎಂಬುದೊಂದು ಏರ್ಪಾಡು ಇದ್ದಿತು, ಈಗಲೂ ಇದೆ. ಈ ಶಬ್ದ ನಮಗೆ ಪರಕೀಯವಲ್ಲ. ಲಿಚ್ಛವಿ ಅರಸರ ಶಾಸನಗಳ 'ಗೋಷ್ಠಿ'ಯೇ ಸವೆದು ಗುಠಿಯಾಗಿದೆ. ನಮ್ಮ ದೇವಸ್ಥಾನಗಳ ಉಂಬಳಿಯಂತೆ ದೇವರಿಗೆ ಭೂಮಿಯನ್ನು ಬಿಟ್ಟು, ಅದರ ಹುಟ್ಟುವಳಿಯಿಂದ ದೀಪದ ಎಣ್ಣೆ, ನಿತ್ಯಪೂಜೆ, ಜಾತ್ರೆಯ ರಥ, ಮಾಡಿನ ಹೆಂಚು ಎಲ್ಲವನ್ನೂ ನೋಡಿಕೊಳ್ಳುವುದು ಅದರ ಧರ್ಮ. ಮಾಡಿನಲ್ಲಿ ಹುಲ್ಲು ಮೊಳೆತರೆ ಕೀಳತಕ್ಕವರು ಯಾರೆಂಬುದು ಗೊತ್ತು; ಜಾತ್ರೆಯಲ್ಲಿ ವಾದ್ಯ ನುಡಿಸತಕ್ಕವರು ಯಾರೆಂಬುದೂ ಗೊತ್ತು. ೧೯೬೪ರಲ್ಲಿ ಸರಕಾರವು ಗುಠಿ ಸಂಸ್ಥಾನವನ್ನು ಸ್ಥಾಪಿಸಿ ಬಹಳಷ್ಟು ಗುಠಿಗಳ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು; ನಂಟು ಸಡಿಲವಾಯಿತು. ೨೦೧೯ರಲ್ಲಿ ಉಳಿದವನ್ನೂ ನುಂಗುವಂತಹ ಮಸೂದೆಯೊಂದು ಬಂದಾಗ ಜನರು ಸಾವಿರಗಟ್ಟಲೆಯಾಗಿ ಬೀದಿಗಿಳಿದರು, ಸರಕಾರ ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. ತಮ್ಮ ಸೊತ್ತನ್ನು ಕಾಪಾಡಲರಿಯದ ಜನರ ನಡವಳಿಕೆ ಇದೇ ಏನು?

೨೦೧೫ರ ಭೂಕಂಪವನ್ನು ಮುಂದೊಡ್ಡುವವರೂ ಉಂಟು. ಪ್ರತಾಪಮಲ್ಲನು ಕಟ್ಟಿಸಿದ ರಾಣಿಪೋಖರಿ ಕೆರೆಯ ಜೀರ್ಣೋದ್ಧಾರಕ್ಕೆಂದು ಅಧಿಕಾರಿಗಳು ಕಾಂಕ್ರೀಟನ್ನು ಸುರಿಯಹೊರಟಾಗ ತಡೆದವರು ನಗರದ ಜನರೇ. ೨೦೨೦ರಲ್ಲಿ ಅದು ಹಳೆಯ ಕ್ರಮದಲ್ಲಿಯೇ ಮುಗಿಯಿತು. ಕಾಠಮಾಂಡುವಿಗೆ ಹೆಸರನ್ನಿತ್ತ ಕಾಷ್ಠಮಂಡಪವು ಉರುಳಿದ ಮೇಲೆ ಅಗೆದು ನೋಡಿದರೆ, ಏಳನೆಯ ಶತಮಾನದಷ್ಟು ಹಳೆಯ ತಳಪಾಯ ಇನ್ನೂ ಗಟ್ಟಿಯಾಗಿಯೇ ಇದ್ದಿತು. ಅದರ ಮೇಲೆಯೇ ಮರದ ಮಂಡಪ ಮತ್ತೆ ಎದ್ದಿತು.

ನಮ್ಮವರಿಗೆ ಈ ವಿಷಯದಲ್ಲಿ ಬಾಯಿ ಹಾಕುವ ಹಕ್ಕಿದೆಯೇ ಎಂದರೆ, ಸ್ವಲ್ಪ ಇದೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕನ್ನಡ ನಾಡಿನಿಂದ ಹೋದವರು. ಆದರೆ ಅವರ ದರ್ಶನವಾಯಿತೆಂದು ಹಿಗ್ಗಿ ಬರುವ ಯಾತ್ರಿಕರಲ್ಲಿ ಕ್ರಿ. ಶ. ೪೬೪ರ ಮಾನದೇವನ ಶಾಸನವಿರುವ ಚಾಂಗುನಾರಾಯಣದ ಬೆಟ್ಟವನ್ನು ಹತ್ತುವವರು ಎಷ್ಟು ಮಂದಿ? ಹತ್ತಿದರೂ ಆ ಗುಡಿಯ ದೀಪಕ್ಕೆ ಎಣ್ಣೆ ಎಲ್ಲಿಂದ ಬರುತ್ತದೆಂದು ಕೇಳುವವರು ಎಷ್ಟು?

ಇನ್ನೊಂದು ಮಾತು ನೇಪಾಳದ ಸರಕಾರಕ್ಕೂ ಸಲ್ಲಬೇಕು. ಪರದೇಶದಿಂದ ಮರಳಿ ಬಂದ ಮೂರ್ತಿಗಳಲ್ಲಿ ಎಷ್ಟೋ ಇಂದಿಗೂ ಛಾವುಣಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿಯೇ ಉಳಿದಿವೆ. ಪಟ್ಕೋ ಕೇರಿಯ ದೇವರು ಮಾತ್ರ ೨೦೨೧ರ ಡಿಸೆಂಬರಿನಲ್ಲಿ ತನ್ನ ಪೀಠವನ್ನೇರಿತು. ಉಳಿದವುಗಳ ಕೇರಿಗಳೂ ಪೀಠಗಳೂ ಇನ್ನೂ ಇವೆ. ಕಾಯುತ್ತಿರುವ ಜನರೂ ಇದ್ದಾರೆ. ಅವುಗಳನ್ನು ಏಕೆ ಕಳುಹಿಸಿಕೊಡಬಾರದು?