ಜುಲ್ಮಾನೆ ಹೆಚ್ಚಿದರೆ ಜೀವ ಉಳಿದೀತೆ?

ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ಅನುಮಾನ ಎತ್ತಿದವರಿಗೆಲ್ಲ ಈಗ ಒಂದು ಸಿದ್ಧ ಉತ್ತರ ಸಿಗುತ್ತಿದೆ: 'ಜುಲ್ಮಾನೆ ಎಷ್ಟು ಪಟ್ಟು ಹೆಚ್ಚಾಗಿದೆ ನೋಡಿದಿರಾ?' ನೋಡಿದ್ದೇವೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ, ಸುರಕ್ಷತಾ ಲೋಪದಿಂದ ಕಾರ್ಮಿಕ ಸತ್ತಾಗ ದಂಡ ಹಾಕುವುದಾದರೆ ಅದು 25,000 ರೂಪಾಯಿಗೆ ಕಡಿಮೆ ಇರಬಾರದು ಎಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಅದು 5 ಲಕ್ಷವಾಗಿದೆ. ತೀವ್ರ ಗಾಯಕ್ಕೆ 5,000 ಇದ್ದ ಕನಿಷ್ಠ ದಂಡ 2 ಲಕ್ಷಕ್ಕೇರಿದೆ. ಆ ಹಣದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಪಾಲನ್ನು ಗಾಯಗೊಂಡವನಿಗೆ ಅಥವಾ ಸತ್ತವನ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕೆ ದೊರೆತಿದೆ. ನೇಮಕಾತಿ ಪತ್ರ ಕಡ್ಡಾಯವಾಗಿದೆ. ಮೊದಲು 1,000 ಕಾರ್ಮಿಕರಿದ್ದ ಕಾರ್ಖಾನೆಗೆ ಬೇಕಾಗಿದ್ದ ಸುರಕ್ಷತಾ ಅಧಿಕಾರಿ ಈಗ 500 ಜನರಿದ್ದಲ್ಲೂ ಇರಬೇಕು. ಇದೆಲ್ಲ ಒಳ್ಳೆಯದೇ. ಇಷ್ಟನ್ನೂ ಒಪ್ಪಿಕೊಂಡೇ ನಾವು ಈ ಸಂಹಿತೆಯನ್ನು ವಿರೋಧಿಸುತ್ತೇವೆ.

ಜುಲ್ಮಾನೆ ಎಂಬ ಮಾತು ಕನ್ನಡಕ್ಕೆ ಬಂದದ್ದು ಉರ್ದುವಿನ ಜುರ್ಮಾನಾದಿಂದ. ಅದರ ಬೇರು ಜುರ್ಮ್, ಅಂದರೆ ಅಪರಾಧ. ಕನ್ನಡದ ಕಚೇರಿಗಳಲ್ಲಿ ಓಡಾಡುತ್ತ ಅದು ಜುಲ್ಮಾನೆಯಾಯಿತು. ಎರಡೂ ಭಾಷೆ ಬಲ್ಲವರ ಕಿವಿಗೆ ಅದರಲ್ಲಿ ಜುಲ್ಮ್, ಅಂದರೆ ದಬ್ಬಾಳಿಕೆ, ಕೇಳಿಸುತ್ತದೆ. ಈ ಸಂಹಿತೆಯನ್ನು ಓದುವಾಗ ನಮಗೆ ಆ ಅಪಭ್ರಂಶವೇ ಸರಿಯೆನಿಸಿತು. ಹಣದ ಅಂಕಿ ಬೆಳೆದಿದೆ, ಅದರೊಳಗಿದ್ದ ಅಪರಾಧ ಕರಗಿದೆ.

ಭೋಪಾಲದ ಉದಾಹರಣೆಯನ್ನೇ ನೋಡೋಣ. 1984ರ ಡಿಸೆಂಬರಿನಲ್ಲಿ ಅಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಹೊಸ ಅಧ್ಯಾಯವನ್ನೇ ಸೇರಿಸಲಾಯಿತು. ಆ ನಿಯಮಗಳನ್ನು ಮುರಿದವರಿಗೆ ಏಳು ವರ್ಷದವರೆಗೆ ಜೈಲು ಎಂದು 96ಎ ಕಲಂ ಹೇಳಿತು. ಆದರೆ ಭೋಪಾಲದ ಆರೋಪಿಗಳು ಸಿಕ್ಕಿದ್ದು ಇದರ ಕೈಗಲ್ಲ. ನಿರ್ಲಕ್ಷ್ಯದಿಂದ ಸಾವು ಎಂಬ ಹಗುರವಾದ ಕಲಮಿನಡಿ 2010ರ ಜೂನ್ 7ರಂದು ಅವರಿಗೆ ಎರಡು ವರ್ಷ ಶಿಕ್ಷೆಯಾಗಿ, ಕೂಡಲೇ ಜಾಮೀನೂ ಸಿಕ್ಕಿತು. ಇಪ್ಪತ್ತೈದು ವರ್ಷ ಕಾದದ್ದು ಇದಕ್ಕೋ ಎಂದು ಅಂದು ದೇಶವೇ ಕೇಳಿತ್ತು. ಈಗಿನ ಸಂಹಿತೆ ಏನು ಮಾಡಿದೆ? ಅಪಾಯಕಾರಿ ಪ್ರಕ್ರಿಯೆಗಳ ವಿಷಯದಲ್ಲಿ ಕರ್ತವ್ಯ ಮರೆತವರಿಗಿದ್ದ ಏಳು ವರ್ಷದ ಗರಿಷ್ಠ ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿದೆ. ಯಾವ ಎರಡು ವರ್ಷವನ್ನು ಜನ ಅನ್ಯಾಯವೆಂದು ಕರೆದರೋ ಅದನ್ನೇ ಶಾಸನದ ಅಳತೆಗೋಲಾಗಿ ಮಾಡಿಕೊಂಡಿದೆ. ದಂಡ ಮಾತ್ರ 2 ಲಕ್ಷದಿಂದ 5 ಲಕ್ಷಕ್ಕೇರಿದೆ. ರಾಸಾಯನಿಕ ಕಂಪನಿಗೆ 5 ಲಕ್ಷ ರೂಪಾಯಿ ಎಂದರೆ ಎಷ್ಟು ಎಂಬುದನ್ನು ಓದುಗರೇ ಅಂದಾಜು ಮಾಡಲಿ. ಮಾಲೀಕರು ಹೆದರುತ್ತಿದ್ದದ್ದು ಹಣ ಕಳೆದುಕೊಳ್ಳುವುದಕ್ಕಲ್ಲ, ಕಟಕಟೆ ಹತ್ತುವುದಕ್ಕೆ.

ಕಟಕಟೆಯನ್ನು ತಪ್ಪಿಸಿಕೊಳ್ಳುವ ದಾರಿಯೂ ಸಂಹಿತೆಯಲ್ಲೇ ಇದೆ. ಬರಿಯ ದಂಡಕ್ಕೆ ಅರ್ಹವಾದ ಅಪರಾಧವಾದರೆ ಗರಿಷ್ಠ ದಂಡದ ಶೇಕಡಾ 50, ಒಂದು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧವಾದರೆ ಶೇಕಡಾ 75 ಕಟ್ಟಿ ಮೊಕದ್ದಮೆಯನ್ನೇ ರಾಜಿಯಲ್ಲಿ ಮುಗಿಸಬಹುದು. ಈ ಹಣ ಅಸಂಘಟಿತ ಕಾರ್ಮಿಕರ ನಿಧಿಗೆ ಹೋಗುತ್ತದೆ. ರಾಜಿ ನಡೆಯುವುದು ಯಾರ ನಡುವೆ? ಸರಕಾರದ ಅಧಿಕಾರಿ ಮತ್ತು ಮಾಲೀಕನ ನಡುವೆ. ನಮ್ಮ ಅನೇಕ ಓದುಗರಿಗೆ 'ದಿಯತ್' ಎಂಬ ಹಳೆಯ ಕಲ್ಪನೆ ಗೊತ್ತಿದೆ: ಜೀವಕ್ಕೋ ಅಂಗಕ್ಕೋ ಕೊಡುವ ಪರಿಹಾರ ಧನ. ಅದನ್ನು ಅನಾಗರಿಕ ಪದ್ಧತಿ ಎಂದು ಗೇಲಿ ಮಾಡಿದವರು ಬಹಳ ಮಂದಿ. ಅದರಲ್ಲಿ ಹಣ ಒಪ್ಪುವ ಅಥವಾ ತಿರಸ್ಕರಿಸುವ ಹಕ್ಕಾದರೂ ನೊಂದವರದ್ದೇ ಆಗಿತ್ತು. ಇಲ್ಲಿ ಯಂತ್ರಕ್ಕೆ ಕಾವಲು ಹಾಕದ ಮಾಲೀಕ ರಾಜಿ ಮಾಡಿಕೊಳ್ಳುವಾಗ ಆ ಯಂತ್ರದ ಮುಂದೆ ನಿಂತು ದುಡಿಯುವವನನ್ನು ಯಾರೂ ಒಂದು ಮಾತು ಕೇಳುವುದಿಲ್ಲ.

ಇದೆಲ್ಲ ಅಪರಾಧ ಪತ್ತೆಯಾದ ಮೇಲಿನ ಮಾತು. ಪತ್ತೆ ಮಾಡುವವರು ಯಾರು? ಹಳೆಯ ಕಾಯ್ದೆಯ 105ನೆಯ ಕಲಮಿನ ಪ್ರಕಾರ ಇನ್‌ಸ್ಪೆಕ್ಟರ್ ದೂರು ಕೊಡದೆ ಅಥವಾ ಲಿಖಿತ ಪೂರ್ವಾನುಮತಿ ನೀಡದೆ ನ್ಯಾಯಾಲಯ ಪ್ರಕರಣವನ್ನೇ ಕೈಗೆತ್ತಿಕೊಳ್ಳುವಂತಿರಲಿಲ್ಲ. ಅಂದರೆ ಇಡೀ ಕಾನೂನು ನಿಂತದ್ದು ಆ ಒಬ್ಬ ಮನುಷ್ಯನ ಕಣ್ಣಿನ ಮೇಲೆ. ಹೊಸ ಸಂಹಿತೆ ಅವನ ಹೆಸರನ್ನೇ ಬದಲಿಸಿ 'ಇನ್‌ಸ್ಪೆಕ್ಟರ್ ಹಾಗೂ ಸುಗಮಕಾರ' ಎಂದು ಕರೆದಿದೆ. ಮಾಲೀಕನಿಗೆ ಸಲಹೆ ಕೊಡುವುದೂ ಅವನದೇ ಕೆಲಸ, ಮಾಲೀಕನ ಮೇಲೆ ದೂರು ಕೊಡುವುದೂ ಅವನದೇ ಕೆಲಸ. ಯಾವ ಕಾರ್ಖಾನೆಗೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ಹೇಳುವ ವ್ಯವಸ್ಥೆ ಕೇಂದ್ರದಲ್ಲಿ 2014ರಿಂದಲೇ ಇದ್ದು, ಈಗ ಸಂಹಿತೆಯ ಭಾಗವಾಗಿದೆ.

ಇನ್‌ಸ್ಪೆಕ್ಟರ್ ರಾಜ್ ಬೇಕೆ ಎಂದು ಕೇಳುತ್ತಾರೆ. ಮಾಲೀಕರ ಕೋಣೆಯಲ್ಲಿ ಚಹಾ ಕುಡಿದು, ಲಕೋಟೆ ಜೇಬಿಗಿಳಿಸಿ, ಯಂತ್ರದ ಕಡೆ ತಿರುಗಿಯೂ ನೋಡದೆ ಹೋದವರು ಇದ್ದಾರೆ, ಇದನ್ನು ಅಲ್ಲಗಳೆಯುವ ಅಗತ್ಯ ನಮಗಿಲ್ಲ. ಆದರೆ ಮಾಮೂಲಿ ತಿನ್ನುವ ಪೊಲೀಸನಿದ್ದಾನೆಂದು ಠಾಣೆಗೆ ಬೀಗ ಹಾಕಿದ ಊರು ಯಾವುದಾದರೂ ಇದೆಯೆ? ಭಾರತ 1949ರಲ್ಲಿ ಒಪ್ಪಿ ಸಹಿ ಹಾಕಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 81ನೆಯ ಒಡಂಬಡಿಕೆ ಹೇಳುವುದು, ಇನ್‌ಸ್ಪೆಕ್ಟರ್ ಹಗಲು ರಾತ್ರಿಯ ಯಾವ ಹೊತ್ತಿನಲ್ಲಾದರೂ ಮುನ್ಸೂಚನೆ ಇಲ್ಲದೆ ಒಳಗೆ ಹೋಗಬಹುದು ಎಂದು. ಅಗತ್ಯವಿರುವಷ್ಟು ಬಾರಿ ತಪಾಸಣೆ ಆಗಬೇಕು ಎಂದು. ಚೀಟಿ ಬಿದ್ದಷ್ಟು ಬಾರಿ ಎಂದಲ್ಲ.

ಇನ್ನು ಕಾರ್ಖಾನೆ ಎಂದರೆ ಯಾವುದು? ವಿದ್ಯುತ್ ಬಳಸುವ ಕಡೆ 10 ಕಾರ್ಮಿಕರು ಇದ್ದರೆ ಕಾರ್ಖಾನೆಯಾಗುತ್ತಿದ್ದದ್ದು ಈಗ 20 ಆಗಬೇಕು. ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40. ಹತ್ತು ಜನರಿರುವ ಸಂಸ್ಥೆಗೂ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ ಎಂಬುದು ನಿಜ. ಆದರೆ ಕಾರ್ಖಾನೆ ಎಂಬ ಹೆಸರಿನೊಂದಿಗೆ ಬರುವ ನಕ್ಷೆ ಮಂಜೂರಾತಿ, ಪರವಾನಗಿ ಇತ್ಯಾದಿಗಳಿಂದ ಈ ನಡುವಿನವರು ಹೊರಬೀಳುತ್ತಾರೆ. ಯಾರು ಇವರು? ರಾಮನಗರದ, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಶೆಡ್ಡುಗಳಿಗೆ ಹೋಗಿ ನೋಡಿ. ಕುದಿಯುವ ನೀರಿನಿಂದ ಗೂಡು ಎತ್ತಿ ಎತ್ತಿ ಬೆರಳಿನ ಚರ್ಮ ಸುಲಿದ ಹೆಂಗಸರು, ಹೊಗೆ ಮತ್ತು ಸತ್ತ ಹುಳುವಿನ ನಾತದಲ್ಲಿ ದಮ್ಮು ಹಿಡಿದ ಗಂಡಸರು. ಅವರಲ್ಲಿ ಬಹಳಷ್ಟು ಜನ ಮುಸಲ್ಮಾನರು, ಉಳಿದವರು ದಲಿತರು ಮತ್ತು ಇತರ ಬಡವರು. ಬೆಂಗಳೂರಿನ ಗಲ್ಲಿಗಳ ವೆಲ್ಡಿಂಗ್ ಅಂಗಡಿ, ಗ್ಯಾರೇಜು, ಗುಜರಿಗಳದ್ದೂ ಇದೇ ಕತೆ. ಹಳೆಯ ಕಾಯ್ದೆಯೇ ಅಪರೂಪಕ್ಕೆ ತಲುಪುತ್ತಿದ್ದ ಜಾಗಗಳಿವು. ಕಾನೂನನ್ನು ಅಲ್ಲಿಯವರೆಗೆ ಕರೆದೊಯ್ಯುವ ಬದಲು ಅದರ ಗಡಿಯನ್ನೇ ಹಿಂದಕ್ಕೆ ಸರಿಸಲಾಯಿತು. ಹತ್ತೊಂಬತ್ತು ಹೆಸರು ಹಾಜರಿ ಪುಸ್ತಕದಲ್ಲಿ, ಉಳಿದವು ಮೇಸ್ತ್ರಿಯ ಜೇಬಿನ ಚೀಟಿಯಲ್ಲಿ ಎಂಬ ಲೆಕ್ಕ ನಮ್ಮ ಸಾಹುಕಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಇವರಲ್ಲಿ ನಮ್ಮ ಜಮಾತಿನವರೂ ಇದ್ದಾರೆ ಎಂಬುದನ್ನು ಮುಚ್ಚಿಡುವುದು ಬೇಡ.

ಕರ್ನಾಟಕದಲ್ಲಿ 2022ರ ಏಪ್ರಿಲಿನಲ್ಲಿ ಮಂಗಳೂರಿನ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಗೆ ಇಳಿದು ವಿಷಾನಿಲಕ್ಕೆ ಐವರು ಸತ್ತರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದಾಗ ಹಬ್ಬದ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಹುಡುಗರು ಸತ್ತರು. ಅದೇ ಡಿಸೆಂಬರಿನಲ್ಲಿ ವಿಜಯಪುರದ ಗೋದಾಮಿನಲ್ಲಿ ಮೆಕ್ಕೆಜೋಳದ ಮೂಟೆಗಳ ಅಡಿ ಸಿಕ್ಕಿ ಬಿಹಾರದ ಏಳು ಜನ ಸತ್ತರು. ತೊಟ್ಟಿಗೆ ಇಳಿಸುವ ಮುಂಚೆ ಗಾಳಿ ಪರೀಕ್ಷಿಸಬೇಕು ಎಂದು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಇಂಥಲ್ಲಿ 5 ಲಕ್ಷದ ದಂಡ ಎಂಬುದು ಶವ ಊರು ಸೇರಿದ ಮೇಲೆ ಬರುವ ಕಾಗದ.

ಕೇಂದ್ರದ ಶಾಸನ ಎಂದು ರಾಜ್ಯ ಸರಕಾರ ಕೈ ತೊಳೆದುಕೊಳ್ಳುವಂತಿಲ್ಲ. ಇನ್‌ಸ್ಪೆಕ್ಟರುಗಳನ್ನು ನೇಮಿಸುವುದು ರಾಜ್ಯ. ಉದ್ಯೋಗ ಸೃಷ್ಟಿಯ ಹೆಸರಿನಲ್ಲಿ ಹೊಸ ಕಾರ್ಖಾನೆಗಳಿಗೆ ಸಂಹಿತೆಯಿಂದ ವಿನಾಯಿತಿ ಕೊಡುವ ಅಧಿಕಾರವೂ ರಾಜ್ಯದ ಬಳಿ ಇದೆ. ಅದನ್ನು ಬಳಸುವುದಿಲ್ಲ ಎಂದು ಕಾರ್ಮಿಕ ಸಚಿವರು ಸದನದಲ್ಲಿ ಹೇಳಲಿ. ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಖಾಲಿ ಹುದ್ದೆಗಳು ತುಂಬಲಿ. ಕಾರ್ಮಿಕರ ದೂರು ಬಂದ ದಿನವೇ, ಕಂಪ್ಯೂಟರ್ ಚೀಟಿಗೆ ಕಾಯದೆ, ಅಧಿಕಾರಿ ಹೊರಡಬೇಕು. ತಪಾಸಣೆಯಲ್ಲಿ ಕಂಡದ್ದನ್ನು ಕಾರ್ಖಾನೆಯ ಗೇಟಿಗೆ ಅಂಟಿಸಬೇಕು, ಕನ್ನಡದಲ್ಲಿ, ಹಾಗೆಯೇ ಒಳಗೆ ದುಡಿಯುವವರು ಓದಬಲ್ಲ ಹಿಂದಿ, ಬಂಗಾಳಿ, ಉರ್ದುವಿನಲ್ಲಿ.